ಹಳೇ ಓಮ್ನಿಗೆ ಪ್ಲಗ್ಗು ಕೊಳ್ಳುವಾಗ ನಂಬರು ನೋಡಿ

2012ರ ಜನವರಿ. ಸಂಕ್ರಾಂತಿಗೆ ಇನ್ನು ನಾಲ್ಕೇ ದಿನ ಇತ್ತು. ಮಳೆ ನಂಬಿ ಬೆಳೆದ ಅವರೆ ಆ ಸಲ ಚೆನ್ನಾಗಿ ಬಂದಿತ್ತು. ಎಂಟು ಚೀಲ ಕಾಯಿ ಕಿತ್ತು, ರಾತ್ರಿಯೇ ಓಮ್ನಿಗೆ ತುಂಬಿ, ಬೆಳಗಿನ ಜಾವ ಮೂರೂವರೆಗೆ ಊರು ಬಿಟ್ಟೆವು. ಸಿರಾ ಕಡೆಯ ನಮ್ಮೂರಿಂದ ತುಮಕೂರು ಮಾರುಕಟ್ಟೆ ಅರವತ್ತು ಕಿಲೋಮೀಟರು. ಐದೂವರೆಗೆ ಮುಂಚೆ ಹೋದರೆ ರೇಟು. ತಡವಾದರೆ ಕೇಳೋರಿಲ್ಲ.

ಹೈವೇ ಸೇರುವ ಮುಂಚೆ ಒಂದು ದಿಬ್ಬ ಇದೆ. ಖಾಲಿ ಗಾಡಿಯಲ್ಲಿ ಅದು ದಿಬ್ಬ ಅಂತಲೇ ಗೊತ್ತಾಗಲ್ಲ. ಅವತ್ತು ಅರ್ಧ ಏರುವಷ್ಟರಲ್ಲಿ ಗಾಡಿ ಮಿಸ್ಸಿಂಗ್ ಹೊಡೆಯೋಕೆ ಶುರುವಾಯಿತು. ಡುಬ್ ಡುಬ್ ಅಂತ ಜಗ್ಗುತ್ತೆ, ಮುಂದೆ ಹೋಗಲ್ಲ. ಫಸ್ಟ್ ಗೇರಿನಲ್ಲೂ ಉಸಿರು ಕಟ್ಟಿದ ಎತ್ತಿನ ಹಾಗೆ ನಿಂತುಬಿಟ್ಟಿತು. ಹಿಂದಕ್ಕೆ ಬಿಟ್ಟು, ನಿಲ್ಲಿಸಿ, ಆರಿದ ಮೇಲೆ ಮತ್ತೆ ಏರಿಸಿ ಏನೇನೋ ಮಾಡಿದೆವು. ಬೆಳಗಾದ ಮೇಲೆ ಆ ದಾರೀಲಿ ಬಂದ ಟ್ರಾಕ್ಟರಿನವನೊಬ್ಬ ಪ್ಲಗ್ಗು ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ ಹಾಕಿಕೊಟ್ಟ. ಹೇಗೋ ದಿಬ್ಬ ದಾಟಿತು. ಮಾರುಕಟ್ಟೆ ಮುಟ್ಟಿದಾಗ ಒಂಬತ್ತೂವರೆ. ಮುಂಜಾನೆ ಕೆಜಿಗೆ 22 ರೂಪಾಯಿಗೆ ಹೋದ ಕಾಯಿಗೆ ನನಗೆ ಸಿಕ್ಕಿದ್ದು 13. ಮುನ್ನೂರಿಪ್ಪತ್ತು ಕೆಜಿ ಮಾಲು. ಲೆಕ್ಕ ನೀವೇ ಹಾಕಿ.

ಆ ಮೇಲಿನ ಎರಡು ತಿಂಗಳಲ್ಲಿ ಇನ್ನೂ 1,700 ರೂಪಾಯಿ ಹೋಯಿತು. ಅದೂ ತಪ್ಪು ಜಾಗಕ್ಕೆ. ಆ ಕಥೆ ಹೇಳೋದಕ್ಕೇ ಇದನ್ನು ಬರೆಯುತ್ತಿರುವುದು.

ಯಾವ ಗಾಡಿಗೆ ಈ ಮಾತು

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹಳ್ಳಿಗಳಲ್ಲಿ ಓಡಾಡುವ ಬೊಲೆರೊ ಪಿಕಪ್ಪುಗಳು, ಟ್ರಾಕ್ಟರುಗಳು ಡೀಸೆಲ್ಲಿನವು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಬರುವ ಬಿಸಿಗೇ ಡೀಸೆಲ್ಲು ಹತ್ತಿಕೊಳ್ಳುತ್ತದೆ. ಕೆಲವಕ್ಕೆ ಹೀಟರ್ ಪ್ಲಗ್ಗು ಇರುತ್ತದೆ, ಅದು ಚಳಿಯಲ್ಲಿ ಸ್ಟಾರ್ಟ್ ಮಾಡಲಿಕ್ಕೆ ಮಾತ್ರ, ಅದೇ ಬೇರೆ ವಿಷಯ. ಸ್ಪಾರ್ಕ್ ಪ್ಲಗ್ಗು ಇರುವುದು ಪೆಟ್ರೋಲು ಮತ್ತು ಗ್ಯಾಸಿನ ಗಾಡಿಗಳಿಗೆ. ಪೆಟ್ರೋಲಿನ ಟಾಟಾ ಏಸ್, ಸೂಪರ್ ಕ್ಯಾರಿ ಇವೆಲ್ಲ ಆ ಲೆಕ್ಕ. ನನ್ನದು ಹಿಂದಿನ ಸೀಟು ತೆಗೆದು ಸಾಮಾನು ಹೇರುವ ಹಳೇ ಓಮ್ನಿ, ಕಾರ್ಬೊರೇಟರಿನದು. ಓಮ್ನಿ ಮಾಡುವುದನ್ನು ಮಾರುತಿಯವರು 2019ರಲ್ಲೇ ನಿಲ್ಲಿಸಿದರು. ಆದರೂ ನಮ್ಮಂಥ ಸಣ್ಣ ರೈತರ ಹತ್ತಿರ ಹೂವು, ತರಕಾರಿ, ಕುರಿ, ಮೇವು ಹೊರುತ್ತಾ ಇನ್ನೂ ಎಷ್ಟೋ ಓಡುತ್ತಿವೆ.

ಇದರದ್ದು 796 ಸಿಸಿ ಎಂಜಿನ್ನು, ಮೂರೇ ಸಿಲಿಂಡರು. ಮೂರು ಸಿಲಿಂಡರಿಗೆ ಮೂರು ಪ್ಲಗ್ಗು. ನಾಲ್ಕೆತ್ತಿನ ಗಾಡಿಯಲ್ಲಿ ಒಂದು ಕುಂಟಿದರೆ ಹೇಗೋ ಎಳೆಯಬಹುದು. ಮೂರರಲ್ಲಿ ಒಂದು ಕುಂಟಿದರೆ ಲೋಡು ಎಳೆಯೋದೆಲ್ಲಿ ಬಂತು?

ಖಾಲಿ ಇದ್ದಾಗ ಸರಿ, ಲೋಡಿಗೆ ಬಂದರೆ ಮಿಸ್ಸಿಂಗು

ಇದು ಎಲ್ಲರಿಗೂ ಗೊಂದಲ ಮಾಡುವ ವಿಷಯ. ಮನೆ ಮುಂದೆ ಸ್ಟಾರ್ಟ್ ಮಾಡಿದರೆ ಚೆನ್ನಾಗೇ ಇರುತ್ತೆ. ಪ್ಲಗ್ಗು ಬಿಚ್ಚಿ, ಎಂಜಿನ್ನಿಗೆ ತಾಗಿಸಿ ಸೆಲ್ಫ್ ಹೊಡೆದರೆ ಕಿಡಿಯೂ ಕಾಣುತ್ತೆ. 'ಪ್ಲಗ್ ಸರಿಯಾಗೈತೆ ಬಿಡಣ್ಣ, ಕಾರ್ಬೊರೇಟರ್ ನೋಡ್ಬೇಕು' ಅಂತಾರೆ.

ಆದರೆ ಹೊರಗೆ ಬಯಲಿನಲ್ಲಿ ಹಾರುವ ಕಿಡಿಗೂ ಸಿಲಿಂಡರಿನೊಳಗೆ ಹಾರಬೇಕಾದ ಕಿಡಿಗೂ ಬಹಳ ವ್ಯತ್ಯಾಸ. ಒಳಗೆ ಪಿಸ್ಟನ್ನು ಗಾಳಿ ಪೆಟ್ರೋಲನ್ನು ಒತ್ತಿ ಹಿಡಿದಿರುತ್ತದೆ. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲಿಕ್ಕೆ ಹೆಚ್ಚು ಕರೆಂಟಿನ ಜೋರು ಬೇಕು. ಏರಿನಲ್ಲಿ ಆಕ್ಸಿಲೇಟರ್ ಪೂರ್ತಿ ಒತ್ತಿದಾಗ ಒಳಗೆ ಹೆಚ್ಚು ಮಾಲು ಹೋಗುತ್ತದೆ, ಒತ್ತಡ ಇನ್ನೂ ಏರುತ್ತದೆ. ಆಗ ಪ್ಲಗ್ಗಿನ ತುದಿ ಸವೆದು ಸಂದು ಅಗಲವಾಗಿದ್ದರೆ ಕಿಡಿಗೆ ಆ ಸಂದು ದಾಟಲಿಕ್ಕೆ ಆಗಲ್ಲ. ಪಿಂಗಾಣಿ ಸೀಳಿದ್ದರೂ, ಮೂತಿಗೆ ಮಸಿ ಹತ್ತಿದ್ದರೂ ಕರೆಂಟು ಸುಲಭದ ದಾರಿ ಹುಡುಕಿಕೊಂಡು ಪಕ್ಕದಿಂದ ಇಳಿದುಹೋಗುತ್ತದೆ. ಅದಕ್ಕೇ ನಮ್ಮ ಗಾಡಿ ದಿಬ್ಬದಲ್ಲೇ ನಿಂತಿದ್ದು, ಊರೊಳಗೆ ಅಲ್ಲ.

ಒಂದೇ ಮನೆಯವಲ್ಲದ ಮೂರು ಪ್ಲಗ್ಗು

ಅವತ್ತು ಕಾಯಿ ಮಾರಿ ಬರುವಾಗ ಒಂದು ಅಂಗಡಿಯಲ್ಲಿ ಹೊಸ ಪ್ಲಗ್ಗು ಹಾಕಿಸಿದೆ. ಎನ್‌ಜಿಕೆ ಪ್ಲಗ್ಗು ಎರಡೇ ಇತ್ತು. ಮೂರನೆಯದಕ್ಕೆ ಬಾಷ್‌ನದು ಕೊಟ್ಟರು. ನಾನು 'ಬೇರೆ ಬೇರೆ ಆಗಲ್ವಾ?' ಅಂತ ಕೇಳಿದೆ. 'ಎರಡರಲ್ಲೂ 5 ಅಂತ ಐತೆ ನೋಡಿ, ಎಲ್ಲಾ ಒಂದೇ' ಅಂದರು. ನೋಡಿದೆ, 5 ಇತ್ತು. ಸುತ್ತ ಇದ್ದ ಇಂಗ್ಲಿಷ್ ಅಕ್ಷರಗಳ ತಂಟೆಗೆ ನಾನು ಹೋಗಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಅವೆಲ್ಲ ಯಾಕೆ ಅಂತ ಸುಮ್ಮನಾದೆ.

ಎರಡು ವಾರ ಗಾಡಿ ಚೆನ್ನಾಗಿತ್ತು. ಆಮೇಲೆ ಗೊಬ್ಬರ, ಮೇವು ಅಂತ ಹೊಲದ ದಾರಿಯಲ್ಲೇ ನಿಧಾನಕ್ಕೆ ಓಡಾಟ. ಮತ್ತೆ ಮಿಸ್ಸಿಂಗು ಶುರು. ಪ್ಲಗ್ಗು ಹೊಸದು, ಅದರ ಮೇಲೆ ಯಾರಿಗೂ ಅನುಮಾನವೇ ಇಲ್ಲ. ಕಾರ್ಬೊರೇಟರು ಬಿಚ್ಚಿ ತೊಳೆಸಿದೆ. ಪ್ಲಗ್ಗಿನ ವೈರು ಮೂರೂ ಬದಲಾಯಿಸಿದೆ. ಕಾಯಿಲ್ಲೂ ಹೊಸದಾಯಿತು. ಹಾಕಿದ ದಿನ ಸ್ವಲ್ಪ ಸರಿ ಅನಿಸೋದು, ಆಮೇಲೆ ಅದೇ ರಾಗ.

ಯುಗಾದಿಗೆ ನನ್ನ ಅಕ್ಕನ ಮಗ ಬಂದ. ಬೆಂಗಳೂರಲ್ಲಿ ಗ್ಯಾರೇಜಿನಲ್ಲಿ ಕೆಲಸ ಅವನದು. ಹಬ್ಬದ ಮಾರನೇ ದಿನ ಮುಂದಿನ ಸೀಟು ಎತ್ತಿ (ಓಮ್ನಿಯ ಎಂಜಿನ್ನು ಮುಂದಿನ ಸೀಟಿನ ಕೆಳಗೇ ಇರುತ್ತದೆ) ಮೂರೂ ಪ್ಲಗ್ಗು ಬಿಚ್ಚಿದ. ಯಾವ ಸಿಲಿಂಡರಿನದು ಎಲ್ಲಿ ಅಂತ ಕ್ರಮ ತಪ್ಪದ ಹಾಗೆ ಜಗಲಿ ಮೇಲೆ ಸಾಲಾಗಿ ನಿಲ್ಲಿಸಿದ. ಎರಡರ ಮೂತಿ ಒಳ್ಳೇ ಕಂದು ಬಣ್ಣ. ಮೂರನೆಯದು ಇದ್ದಿಲಿನಂತೆ ಕಪ್ಪು.

'ಮಾವ, ಇವು ಮೂರೂ ಒಂದೇ ಮನೆಯವಲ್ಲ.'

'ಎರಡರಲ್ಲೂ 5 ಐತಲ್ಲೋ.'

'ಅಲ್ಲೇ ಮಾವ ನೀವು ಮೋಸ ಹೋಗಿದ್ದು.'

ಅವನು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಪ್ಲಗ್ಗಿನಲ್ಲಿ ಬಿಸಿ ಪ್ಲಗ್ಗು, ತಣ್ಣನೆ ಪ್ಲಗ್ಗು ಅಂತ ಇದೆ. ಮೂತಿಯ ಬಿಳಿ ಪಿಂಗಾಣಿ ಉದ್ದ ಇದ್ದರೆ ಬಿಸಿ ಅಲ್ಲೇ ನಿಲ್ಲುತ್ತದೆ, ಅದು ಬಿಸಿ ಪ್ಲಗ್ಗು. ಗಿಡ್ಡ ಇದ್ದರೆ ಬಿಸಿ ಬೇಗ ಹೆಡ್ಡಿಗೆ ಇಳಿದುಹೋಗುತ್ತದೆ, ಅದು ತಣ್ಣನೆಯದು. ಮೂತಿ ಸುಮಾರು 450 ಡಿಗ್ರಿಗಿಂತ ಹೆಚ್ಚು ಕಾಯುತ್ತಿದ್ದರೆ ಅದಕ್ಕೆ ಹತ್ತಿದ ಮಸಿ ತಾನೇ ಸುಟ್ಟುಹೋಗುತ್ತದೆ. ಅಷ್ಟು ಕಾಯದಿದ್ದರೆ ಮಸಿ ಕಟ್ಟುತ್ತಾ ಹೋಗುತ್ತದೆ. 800 ಡಿಗ್ರಿಯೂ ದಾಟಿ ಮೇಲೆ ಹೋದರೆ ಇನ್ನೊಂದು ಕಷ್ಟ. ಕಿಡಿ ಬರುವ ಮುಂಚೆಯೇ ಕೆಂಪಗೆ ಕಾದ ಮೂತಿಗೇ ಪೆಟ್ರೋಲು ಹತ್ತಿಕೊಂಡು ಪಿಸ್ಟನ್ನಿಗೆ ಪೆಟ್ಟು ಬೀಳುತ್ತದೆ. ಎಂಜಿನ್ನಿಗೆ ತಕ್ಕ ಪ್ಲಗ್ಗು ಈ ಎರಡರ ಮಧ್ಯೆ ಇರಬೇಕು.

ಈ ಬಿಸಿ ತಣ್ಣನೆ ಗುರುತೇ ಆ ನಂಬರು. ತಮಾಷೆ ಏನೆಂದರೆ ಎನ್‌ಜಿಕೆಯಲ್ಲಿ ನಂಬರು ಏರಿದಷ್ಟೂ ಪ್ಲಗ್ಗು ತಣ್ಣಗೆ. ಬಾಷ್‌ನಲ್ಲಿ ನಂಬರು ಏರಿದಷ್ಟೂ ಬಿಸಿ. ಪೂರ್ತಿ ಉಲ್ಟಾ! ಎನ್‌ಜಿಕೆ 5ಕ್ಕೆ ಸಮ ಬರುವುದು ಬಾಷ್ 8. ಎನ್‌ಜಿಕೆ 6ಕ್ಕೆ ಬಾಷ್ 7. ನನಗೆ ಕೊಟ್ಟಿದ್ದ ಬಾಷ್ 5 ಜೋರಾಗಿ ಓಡುವ, ಬಹಳ ಕಾಯುವ ಎಂಜಿನ್ನಿಗೆ ಸರಿಯಾದ ತಣ್ಣನೆ ಪ್ಲಗ್ಗು. ಹೊಲದ ದಾರಿಯಲ್ಲಿ ಸೆಕೆಂಡ್ ಗೇರಿನಲ್ಲಿ ತೆವಳುವ ನನ್ನ ಓಮ್ನಿಯಲ್ಲಿ ಅದು ಕಾಯಲೇ ಇಲ್ಲ, ಮಸಿ ಸುಡಲೇ ಇಲ್ಲ. ಎರಡು ಕಂಪನಿಯದ್ದೂ ಒಳ್ಳೇ ಪ್ಲಗ್ಗೇ. ತಪ್ಪು ಇದ್ದದ್ದು ಅಂಗಡಿಯ ಆ ಮಾತಿನಲ್ಲಿ, ಅದನ್ನು ನಂಬಿದ ನನ್ನಲ್ಲಿ.

ಸಿರಾಗೆ ಹೋಗಿ ಒಂದೇ ನಂಬರಿನ ಮೂರು ತಂದು ಹಾಕಿದೆವು. ಅಷ್ಟೇ. ಬಿಚ್ಚಿಟ್ಟ ಹಳೇ ಕಾಯಿಲ್ಲು ಇವತ್ತಿಗೂ ಅಟ್ಟದ ಮೇಲಿದೆ, ಅದರಲ್ಲಿ ಏನೂ ಕೆಟ್ಟಿರಲಿಲ್ಲ.

ಅಕ್ಷರಗಳಿಗೂ ಅರ್ಥ ಇದೆ

ಆಮೇಲೆ ಆ ಅಕ್ಷರಗಳನ್ನೂ ಕೇಳಿ ಬರೆದಿಟ್ಟುಕೊಂಡೆ. ನಾನು ಹಾಕುತ್ತಿರುವುದು ಎನ್‌ಜಿಕೆ ಬಿಪಿಆರ್5ಇಎಸ್. ಬಿ ಅಂದರೆ ಥ್ರೆಡ್ಡಿನ ದಪ್ಪ 14 ಮಿಲಿಮೀಟರು. ಪಿ ಅಂದರೆ ಪಿಂಗಾಣಿಯ ಮೂತಿ ಹೊರಗೆ ಚಾಚಿಕೊಂಡಿದೆ ಅಂತ. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ, ರೇಡಿಯೊದಲ್ಲಿ ಗರಗರ ಬರಲ್ಲ. ಇಂಜೆಕ್ಷನ್ ಗಾಡಿಗಳಲ್ಲಿ ಕಂಪ್ಯೂಟರಿಗೆ ತೊಂದರೆ ಆಗದಿರಲು ಇದು ಇರಲೇಬೇಕು. 5 ಬಿಸಿಯ ನಂಬರು. ಇ ಅಂದರೆ ಥ್ರೆಡ್ಡಿನ ಉದ್ದ 19 ಮಿಲಿಮೀಟರು. ಕೊನೆಯ ಎಸ್ ಅಂದರೆ ಸಾದಾ ಮೂತಿ, ಒಳಗೆ ತಾಮ್ರ. ಬಾಷ್‌ನಲ್ಲಿ ಇದಕ್ಕೆ ಸಮ ಡಬ್ಲ್ಯುಆರ್8ಡಿಸಿ. ಹಳಬರಿಗೆ ಇದು ಮೈಕೋ ಪ್ಲಗ್ಗು ಅಂದರೇ ಅರ್ಥವಾಗೋದು. ಬೆಂಗಳೂರಿನ ಮೈಕೋ ಕಂಪನಿಯೇ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು.

ಇದರಲ್ಲಿ ಇ ಅಕ್ಷರ ಬಹಳ ಮುಖ್ಯ. ಅದರ ಜಾಗದಲ್ಲಿ ಎಚ್ ಇದ್ದರೆ ಥ್ರೆಡ್ಡಿನ ಉದ್ದ 12.7 ಮಿಲಿಮೀಟರು ಮಾತ್ರ. ಕೆಲವು ಸಣ್ಣ ಎಂಜಿನ್ನುಗಳಿಗೆ ಅಂಥದು ಬರುತ್ತದೆ. ದಪ್ಪ ಒಂದೇ ಆದ್ದರಿಂದ ತಿರುಗಿಸಿದರೆ ಕೂತುಬಿಡುತ್ತದೆ. ಗಿಡ್ಡದ್ದನ್ನು ಓಮ್ನಿಗೆ ಹಾಕಿದರೆ ಕಿಡಿ ಒಳಗೆಲ್ಲೋ ಗೂಡಿನಲ್ಲಿ ಹಾರುತ್ತದೆ, ಖಾಲಿ ಥ್ರೆಡ್ಡಿಗೆ ಮಸಿ ಕಟ್ಟಿ ಮುಂದೆ ಸರಿಯಾದ ಪ್ಲಗ್ಗು ಹಾಕುವಾಗ ಸಿಕ್ಕಿಕೊಳ್ಳುತ್ತದೆ. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿದರೆ ಪಿಸ್ಟನ್ನು ಬಂದು ಗುದ್ದಬಹುದು. 'ಥ್ರೆಡ್ ಕೂತ್ಕಂತು, ಸರಿಯಾಯ್ತು' ಅನ್ನೋದು ಅದಕ್ಕೇ ಸಾಲದು.

ನಿಮ್ಮ ಗಾಡಿಗೆ ಯಾವ ನಂಬರು ಅಂತ ಗಾಡಿ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಓಮ್ನಿಯಲ್ಲೇ ಇಂಜೆಕ್ಷನ್ ಮಾದರಿಗೂ ಕಾರ್ಬೊರೇಟರ್ ಮಾದರಿಗೂ ಸಂದು ಬೇರೆ. ಈಗ ಗಾಡಿಯಲ್ಲಿರುವ ಪ್ಲಗ್ಗಿನ ನಂಬರು ನೋಡಿ ಅದನ್ನೇ ಕೊಳ್ಳುವುದು ಸುಲಭ ಅನಿಸಬಹುದು. ಆದರೆ ಅದನ್ನು ಹಾಕಿದವರು ಸರಿಯಾದ್ದನ್ನೇ ಹಾಕಿದ್ದರು ಅಂತ ಏನು ಗ್ಯಾರಂಟಿ? ಹಿಂದೆ ನನ್ನ ಗಾಡಿ ಕೊಂಡಿದ್ದರೆ ಅವರಿಗೂ ನನ್ನ ಗತಿಯೇ.

ಇರಿಡಿಯಂ ಪ್ಲಗ್ಗು ಅಂತ ದುಬಾರಿಯದು ಬರುತ್ತದೆ. ಬಾಳಿಕೆ ಹೆಚ್ಚು ನಿಜ. ನಮ್ಮ ಹಳೇ ಎಂಜಿನ್ನಿಗೆ ಅದು ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆಯಿಲ್ ಸುಡುವ ಎಂಜಿನ್ನಿನಲ್ಲಿ ಚಿನ್ನದ ಪ್ಲಗ್ಗಾದರೂ ಕಪ್ಪಾಗಲೇಬೇಕು. ಸಾದಾ ಪ್ಲಗ್ಗು ಮೂರಕ್ಕೆ ಸೇರಿ ಒಂದಾಳಿನ ಕೂಲಿಯಷ್ಟೂ ಆಗಲ್ಲ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಬಿಚ್ಚಿ ನೋಡುತ್ತೇನೆ, ಇಪ್ಪತ್ತು ಸಾವಿರಕ್ಕೆ ಮೂರನ್ನೂ ಒಟ್ಟಿಗೇ ಬದಲಾಯಿಸುತ್ತೇನೆ. ಗ್ಯಾಸಿನಲ್ಲಿ ಓಡಿಸುವವರು ಇನ್ನೂ ಮುಂಚೆ ನೋಡಬೇಕು, ಗ್ಯಾಸಿಗೆ ಕಿಡಿಯ ಜೋರು ಹೆಚ್ಚು ಬೇಕು.

ಬಿಚ್ಚುವಾಗ ನಾನು ಮಾಡಿದ ತಪ್ಪು

ಇದು 2015ರಲ್ಲಿ. ಎಲ್ಲಾ ಕಲಿತುಬಿಟ್ಟೆ ಅನ್ನೋ ಧಿಮಾಕಿನಲ್ಲಿ ಸಂತೆಯಿಂದ ಬಂದವನೇ ಬಿಸಿ ಎಂಜಿನ್ನಿನಲ್ಲೇ ಪ್ಲಗ್ಗು ಬಿಚ್ಚೋಕೆ ಹೋದೆ. ಮಧ್ಯದ್ದು ಬಿಗಿಯಾಗಿತ್ತು. ಪಾನಾಗೆ ಪೈಪಿನ ತುಂಡು ಸಿಕ್ಕಿಸಿ ಎಳೆದೆ. ಪ್ಲಗ್ಗು ಬಂತು, ಅದರ ಜೊತೆ ಹೆಡ್ಡಿನ ಥ್ರೆಡ್ಡೂ ಸುರುಳಿ ಸುರುಳಿಯಾಗಿ ಬಂತು. ಹೆಡ್ಡು ಅಲ್ಯುಮಿನಿಯಂದು, ಪ್ಲಗ್ಗಿನ ಮೈ ಕಬ್ಬಿಣದ್ದು. ಬಲ ಹಾಕಿದರೆ ಸೋಲೋದು ಅಲ್ಯುಮಿನಿಯಮ್ಮೇ. ಹೆಡ್ಡು ಇಳಿಸಿ, ಲೇತಿಗೆ ಒಯ್ದು, ತೂತು ದೊಡ್ಡದು ಮಾಡಿ ಬುಷ್ ಹಾಕಿಸಿ, ಹೊಸ ಗ್ಯಾಸ್ಕೆಟ್ಟು ಕೂರಿಸುವಷ್ಟರಲ್ಲಿ ಆರು ದಿನ ಗಾಡಿ ಇಲ್ಲ.

ಈಗ ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಬಿಚ್ಚುತ್ತೇನೆ, ಪೂರ್ತಿ ಆರಿರುತ್ತದೆ. ವೈರುಗಳಿಗೆ ಒಂದು, ಎರಡು, ಮೂರು ಅಂತ ಬಣ್ಣದ ದಾರ ಕಟ್ಟಿ ಗುರುತು ಮಾಡಿದ್ದೇನೆ, ಅದಲು ಬದಲಾಗಲ್ಲ. ವೈರನ್ನು ಹಿಡಿದು ಎಳೆಯಬಾರದು, ತುದಿಯ ಟೋಪಿ ಹಿಡಿದು ತಿರುವಿ ಎಳೆಯಬೇಕು. ಬಿಚ್ಚುವ ಮುಂಚೆ ಪ್ಲಗ್ಗಿನ ಸುತ್ತ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯುತ್ತೇನೆ. ನಮ್ಮ ಬಯಲುಸೀಮೆ ಧೂಳು ನಿಮಗೆ ಗೊತ್ತಲ್ಲ, ಪ್ಲಗ್ಗಿನ ಗುಣಿಯಲ್ಲಿ ಮರಳು ತುಂಬಿರುತ್ತದೆ. ಹಾಗೇ ಬಿಚ್ಚಿದರೆ ಅದೆಲ್ಲ ಸಿಲಿಂಡರಿನೊಳಗೆ.

ಹೊಸ ಪ್ಲಗ್ಗು ಡಬ್ಬಿಯಿಂದ ತೆಗೆದ ತಕ್ಷಣ ಹಾಕಬಾರದು. ಸಂದು ಅಳೆಯಬೇಕು. ನನ್ನ ಗಾಡಿಗೆ 0.7ರಿಂದ 0.8 ಮಿಲಿಮೀಟರು. ಫೀಲರ್ ಗೇಜು ಅಂತ ತೆಳು ತಗಡಿನ ಗೊಂಚಲು ಸಿಗುತ್ತದೆ, ಒಂದು ಸಲ ಕೊಂಡರೆ ಜೀವಮಾನಕ್ಕೆ ಸಾಕು. ಸಂದು ಹೆಚ್ಚು ಕಮ್ಮಿ ಇದ್ದರೆ ಪಕ್ಕದ ಕೊಕ್ಕೆಯನ್ನು ಮಾತ್ರ ಮೆಲ್ಲಗೆ ಬಗ್ಗಿಸಿ. ನಡುವಿನ ಮೂತಿ ಮುಟ್ಟಿದರೆ ಪಿಂಗಾಣಿ ಸೀಳುತ್ತದೆ.

ಹಾಕುವಾಗ ಪಾನಾ ಬೇಡ. ಸ್ಪ್ರೇಯರ್ ಪೈಪಿನ ಒಂದು ಗೇಣು ತುಂಡು ಇಟ್ಟುಕೊಂಡಿದ್ದೇನೆ. ಪ್ಲಗ್ಗಿನ ತಲೆಗೆ ಅದನ್ನು ಸಿಕ್ಕಿಸಿ ಬೆರಳಲ್ಲಿ ತಿರುಗಿಸಿದರೆ ಹಿತವಾಗಿ ಇಳಿಯುತ್ತದೆ. ಥ್ರೆಡ್ಡು ಅಡ್ಡ ಹತ್ತಿದರೆ ಪೈಪೇ ಜಾರುತ್ತದೆ, ಹೆಡ್ಡು ಉಳಿಯುತ್ತದೆ. ವಾಷರು ತಾಗಿ ನಿಂತ ಮೇಲೆ ಪಾನಾದಲ್ಲಿ ಹೊಸ ಪ್ಲಗ್ಗಾದರೆ ಅರ್ಧ ಸುತ್ತು. ಒಮ್ಮೆ ಹಾಕಿ ತೆಗೆದದ್ದಾದರೆ ಅದರ ವಾಷರು ಆಗಲೇ ಚಪ್ಪಟೆ ಆಗಿರುತ್ತದೆ, ಗಡಿಯಾರದ ಮುಳ್ಳು ಒಂದು ಗಂಟೆ ಸರಿಯುವಷ್ಟು ಸಾಕು. ಮೈಮೇಲೆ ನಿಂತು ಬಿಗಿಯುವ ನಮ್ಮ ಟ್ರಾಕ್ಟರಿನ ಅಭ್ಯಾಸ ಇಲ್ಲಿ ಬೇಡವೇ ಬೇಡ. ಗ್ರೀಸ್ ಸವರುವುದೂ ಬೇಡ, ಜಾರಿಕೊಂಡು ಅಗತ್ಯಕ್ಕಿಂತ ಬಿಗಿಯಾಗಿಬಿಡುತ್ತದೆ.

ಹಳೇ ಪ್ಲಗ್ಗು ಎಸೆಯುವ ಮುಂಚೆ

ಬಿಚ್ಚಿದ ಪ್ಲಗ್ಗನ್ನು ಬಿಸಿಲಿಗೆ ಹಿಡಿದು ನೋಡಿ. ಮೂತಿ ತಿಳಿ ಕಂದು ಇಲ್ಲವೇ ಬೂದಿ ಬಣ್ಣ ಇದ್ದರೆ ಎಂಜಿನ್ನು ಸುಖವಾಗಿದೆ. ಒಣ ಮಸಿ ಇದ್ದು ಬೆರಳಿಗೆ ಹತ್ತಿದರೆ ಪೆಟ್ರೋಲು ಹೆಚ್ಚು, ಗಾಳಿ ಕಮ್ಮಿ. ಮೊದಲು ಏರ್ ಫಿಲ್ಟರ್ ನೋಡಿ, ಚೋಕು ಪೂರ್ತಿ ವಾಪಸ್ ಹೋಗುತ್ತಾ ನೋಡಿ. ನನ್ನ ಗಾಡಿಯಲ್ಲಾದಂತೆ ತಣ್ಣನೆ ಪ್ಲಗ್ಗೂ ಇರಬಹುದು. ಕಪ್ಪು ಇದ್ದು ಎಣ್ಣೆ ಎಣ್ಣೆ ಅಂಟಿದರೆ ಸಿಲಿಂಡರಿಗೆ ಆಯಿಲ್ ಬರುತ್ತಿದೆ, ರಿಂಗೋ ವಾಲ್ವಿನ ಸೀಲೋ ಹೋಗಿರುತ್ತದೆ. ಅದಕ್ಕೆ ಪ್ಲಗ್ಗು ಬದಲಾಯಿಸಿ ಫಲವಿಲ್ಲ. ಸುಣ್ಣದ ಹಾಗೆ ಬೆಳ್ಳಗಿದ್ದು ಗುಳ್ಳೆ ಎದ್ದಿದ್ದರೆ ಎಂಜಿನ್ನು ಬಹಳ ಕಾಯುತ್ತಿದೆ, ಇಲ್ಲವೇ ಪೆಟ್ರೋಲು ಸಾಲುತ್ತಿಲ್ಲ. ಇದನ್ನು ಮುಂದಕ್ಕೆ ಹಾಕಬೇಡಿ. ಪೆಟ್ರೋಲಿನಲ್ಲೇ ಒದ್ದೆಯಾಗಿದ್ದರೆ ಆ ಸಿಲಿಂಡರಿನಲ್ಲಿ ಕಿಡಿಯೇ ಬಂದಿಲ್ಲ.

ಒಂದೇ ಸಿಲಿಂಡರಿನ ಮೇಲೆ ಅನುಮಾನ ಬಂದರೆ ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ಹಾಕಿ ನಾಲ್ಕು ದಿನ ಓಡಿಸಿ. ಕಾಯಿಲೆ ಪ್ಲಗ್ಗಿನ ಜೊತೆ ಹೋದರೆ ಪ್ಲಗ್ಗು ಕೆಟ್ಟಿದೆ. ಅಲ್ಲೇ ಉಳಿದರೆ ವೈರು, ಇಲ್ಲವೇ ಎಂಜಿನ್ನು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನಾನು ಇದನ್ನು ಮೊದಲೇ ಮಾಡಿದ್ದರೆ ಆ 1,700 ಉಳಿಯುತ್ತಿತ್ತು. ಕಿಡಿ ನೋಡಲಿಕ್ಕೆ ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಳ್ಳುವವರನ್ನು ಕಂಡಿದ್ದೇನೆ, ಹಾಗೆ ಮಾಡಬೇಡಿ. ಒದೆಯುವ ಒದೆತ ಸಣ್ಣದಲ್ಲ, ಪಕ್ಕದಲ್ಲಿ ಪೆಟ್ರೋಲಿನ ಆವಿಯೂ ಇರುತ್ತದೆ.

ಉಪ್ಪುಕಾಗದದಲ್ಲಿ ಉಜ್ಜುವುದು ದಾರಿಯಲ್ಲಿ ಕೈಕೊಟ್ಟಾಗ ಮನೆ ಸೇರಲಿಕ್ಕೆ ಮಾತ್ರ. ಅದರ ಹುಡಿ ಪಿಂಗಾಣಿ ಸಂದಿನಲ್ಲಿ ಕೂತರೆ ಎಂಜಿನ್ನಿಗೆ ಇಳಿಯುತ್ತದೆ. ತಂತಿ ಬ್ರಷ್ಷಿನಲ್ಲಿ ಪಿಂಗಾಣಿ ಉಜ್ಜಿದರೆ ಲೋಹದ ಗೆರೆ ಉಳಿದು ಕರೆಂಟಿಗೆ ಕಳ್ಳದಾರಿ ಆಗುತ್ತದೆ. ಗಾಡಿಯಲ್ಲಿ ಸರಿಯಾದ ನಂಬರಿನ ಒಂದು ಪ್ಲಗ್ಗು, ಪಾನಾ, ಪೈಪಿನ ತುಂಡು ಇಟ್ಟುಕೊಂಡರೆ ಉಜ್ಜುವ ಕೆಲಸವೇ ಬರಲ್ಲ.

ಬಿಚ್ಚಿದ ಪ್ಲಗ್ಗುಗಳನ್ನು ಒಂದು ಡಬ್ಬದಲ್ಲಿ ಹಾಕಿ, ತಾರೀಕು ಮತ್ತು ಮೀಟರಿನ ಲೆಕ್ಕ ಬರೆದ ಚೀಟಿ ಸುತ್ತಿ ಇಡುತ್ತಾ ಬಂದಿದ್ದೇನೆ. ಹೋದ ಸಲ ಬಿಚ್ಚಿದವನ್ನು ಹಳೆಯವುಗಳ ಪಕ್ಕ ಇಟ್ಟು ನೋಡಿದರೆ ಮೂರೂ ಮೊದಲಿಗಿಂತ ಬೆಳ್ಳಗಿವೆ. ಅಳಿಯನಿಗೆ ತೋರಿಸಿದೆ. ಈಗ ಬಂಕಿನಲ್ಲಿ ಬರುವ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿರುತ್ತಾರೆ. ಅದು ಉರಿಯಲಿಕ್ಕೆ ಬೇಕಾದ ಗಾಳಿ ಕಮ್ಮಿ. ಹಳೇ ಕಾರ್ಬೊರೇಟರಿಗೆ ಆ ಲೆಕ್ಕ ತಿಳಿಯಲ್ಲ, ಮೊದಲಿನಷ್ಟೇ ಗಾಳಿ ಬಿಡುತ್ತದೆ. ಅದಕ್ಕೇ ಮೂತಿ ಬೆಳ್ಳಗೆ ಅಂದ. ಕಾರ್ಬೊರೇಟರನ್ನು ಸ್ವಲ್ಪ ಹೊಂದಿಸಿಕೊಟ್ಟು, ಗಟ್ಟಿಯಾಗಿ ಬಿರುಕು ಬಿಟ್ಟಿದ್ದ ಪೆಟ್ರೋಲ್ ಪೈಪುಗಳನ್ನೂ ಬದಲಾಯಿಸಿಕೊಟ್ಟ. ಈ ಅವರೆ ಸುಗ್ಗಿ ಮುಗಿದ ಮೇಲೆ ಮತ್ತೆ ಬಿಚ್ಚಿ ಬಣ್ಣ ನೋಡಬೇಕು.